ಟೀಚರಮ್ಮನ ಏಳು ಸುತ್ತು

ಬೇರೆಯವರ ಮನೆಯಲ್ಲಿ ದೀಪ ದೇವರ ಮುಂದೆ ಉರಿಯುತ್ತದೆ. ಟೀಚರಮ್ಮನ ಮನೆಯಲ್ಲಿ ಪಿಯಾನೋದ ಹೊಟ್ಟೆಯೊಳಗೆ ಉರಿಯುತ್ತಿತ್ತು. ಕೋತಗಿರಿಯ ಮಂಜಿಗೆ ಮರ ಉಬ್ಬುತ್ತದೆ, ತಂತಿ ತುಕ್ಕು ಹಿಡಿಯುತ್ತದೆ, ಒತ್ತಿದ ಬಿಳಿ ಪಟ್ಟಿ ಮತ್ತೆ ಮೇಲೇಳುವುದಿಲ್ಲ. ಅದಕ್ಕೆ ಕೆಳಗಿನ ಹಲಗೆ ಬಿಚ್ಚಿಸಿ ಒಳಗೊಂದು ಸಣ್ಣ ಬಲ್ಬು ಹಾಕಿಸಿದ್ದರು. ಹಲಗೆಯ ಸಂದಿಯಿಂದ ಅದರ ಬೆಳಕು ಗೀರಿನ ಹಾಗೆ ನೆಲದ ಮೇಲೆ ಬೀಳುತ್ತಿತ್ತು. ಮಳೆಗಾಲದಲ್ಲಿ ಕರೆಂಟು ಹೋದರೆ ಫ್ರಿಜ್ಜಿನ ಹಾಲು ಒಡೆದರೂ ಅವರಿಗೆ ಚಿಂತೆಯಿಲ್ಲ. ನನ್ನ ಕೈಲಿ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿಸಿ, ಟವಲಿನಲ್ಲಿ ಸುತ್ತಿಸಿ, ಆ ಹೊಟ್ಟೆಯೊಳಗೆ ಇಡಿಸುತ್ತಿದ್ದರು. ಒಂದು ಸಾರಿ ನನಗೆ ಚಳಿಜ್ವರ ಬಂದು ಅದೇ ಚೀಲ ಕೇಳಿದೆ. "ಪಿಯಾನೋಗೆ ಆದ ಮೇಲೆ ನಿನಗೆ" ಅಂದರು. ಇಂಥ ಹೆಂಗಸು.

ಅವರು ತೀರಿಹೋಗಿ ಎಂಟು ತಿಂಗಳಾಯಿತು. ಅವರ ಹತ್ತಿರ ಕಲಿತವರೆಲ್ಲ ಸೇರಿ ಒಂದು ಪುಸ್ತಕ ಮಾಡುತ್ತಾರಂತೆ. ಮೈಸೂರಿನಿಂದ ಒಬ್ಬ ಹುಡುಗಿ ಬಂದು, ಇಪ್ಪತ್ತೆರಡು ವರ್ಷ ಜೊತೆಗಿದ್ದವರು ನೀವು, ನೀವೂ ಬರೆಯಬೇಕು ಅಜ್ಜಿ ಅಂದಳು. ನಾನು ಓದಿದ್ದು ಗುಂಡ್ಲುಪೇಟೆ ಕಡೆಯ ನಮ್ಮೂರಿನಲ್ಲಿ, ನಾಲ್ಕನೇ ಕ್ಲಾಸಿನವರೆಗೆ. ಮದುವೆಯಾಗಿ ಈ ಬೆಟ್ಟ ಹತ್ತಿದ ಮೇಲೆ ಊರಿಗೆ ಕಾಗದ ಹಾಕುವಾಗ ಬಿಟ್ಟರೆ ಕನ್ನಡ ಬರೆದವಳಲ್ಲ. ನನ್ನ ಮೊಮ್ಮಕ್ಕಳಿಗೆ ತಮಿಳು ಬರುತ್ತದೆ, ಕನ್ನಡ ಓದಲು ಬರುವುದಿಲ್ಲ. ತಪ್ಪು ತಿದ್ದುವವರೂ ಇಲ್ಲ. ಆಗುವುದಿಲ್ಲ ಅಂದುಬಿಡುತ್ತಿದ್ದೆ. ಆದರೆ ಆ ಹುಡುಗಿ ಮೊಬೈಲು ತೆಗೆದು ಟೀಚರಮ್ಮನ ಕಡೆಯ ಸಂಗೀತ ಕಚೇರಿಯ ವಿಡಿಯೋ ತೋರಿಸಿದಳು. ಯಾರೋ ಹಿಂದಿನ ಸಾಲಿನಿಂದ ಹಿಡಿದದ್ದು.

"ಹಳೇ ಕೃತೀನ ಏಳು ಸಾರಿ ತಿರುಗಿಸಿ ತಿರುಗಿಸಿ ಸವೆಸಿಬಿಟ್ರು. ಆಮೇಲೆ ಹೊಸದಕ್ಕೆ ದಾಟಿದ್ರು. ಅಂಥ ಧೈರ್ಯ ಇನ್ಯಾರಿಗಿದೆ ಅಜ್ಜಿ?" ಅಂದಳು. ಪುಸ್ತಕದಲ್ಲಿ ಅದೊಂದರ ಬಗ್ಗೆಯೇ ಮೂರು ಜನ ಬರೆದುಕೊಟ್ಟಿದ್ದಾರಂತೆ.

ಆ ವಿಡಿಯೋದಲ್ಲಿ ಪಿಯಾನೋ ಪಕ್ಕದ ಸ್ಟೂಲಿನ ಮೇಲೆ, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿರುವ ಹಸಿರು ಸೀರೆಯ ಮುದುಕಿ ನಾನು. ಆ ಏಳು ಸುತ್ತು ಏನು ಅಂತ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಅಚ್ಚು ಹಾಕುವುದು, ಬಿಡುವುದು ಅವರಿಷ್ಟ.

ನಾನು ಮೊದಲ ದಿನ ಅವರ ಮನೆಗೆ ಹೋದದ್ದು ಪಾತ್ರೆ ತೊಳೆಯುವ ಕೆಲಸ ಕೇಳಲು. ನನ್ನ ಗಂಡ ಟೀ ಫ್ಯಾಕ್ಟರಿಯಲ್ಲಿ ಎಲೆ ಬಾಡಿಸುವ ಕಡೆ ಕೆಲಸದಲ್ಲಿದ್ದರು. ಬಾಗಿಲು ತೆರೆದೇ ಇತ್ತು. ಒಳಗೆ ಬೆಳ್ಳಿಕೂದಲನ್ನು ಕತ್ತಿನವರೆಗೆ ಕತ್ತರಿಸಿದ, ಗಂಡಸರ ಸ್ವೆಟರ್ ತೊಟ್ಟ, ತೆಳ್ಳನೆಯ ಒಬ್ಬರು ಪಿಯಾನೋದ ಮುಂದೆ ಕೂತು ಮೊಣಕೈಯಿಂದ ಅದನ್ನು ಗುದ್ದುತ್ತಿದ್ದರು. ಗುದ್ದುವುದು, ಸುಮ್ಮನಾಗುವುದು, ಕಿವಿಗೊಡುವುದು, ಒಂದೇ ಒಂದು ಪಟ್ಟಿ ಒತ್ತುವುದು, ಮತ್ತೆ ಸುಮ್ಮನಾಗುವುದು. ನಾನು ಸ್ವಲ್ಪ ಹೊತ್ತು ನಿಂತು, "ರಿಪೇರಿ ಮುಗಿದ್ಮೇಲೆ ಬತ್ತೀನಿ ಬುಡಿ" ಅಂದೆ.

ಅವರು ತಿರುಗಿ ನೋಡಿದರು. ಕನ್ನಡ ಕೇಳಿ ಆಶ್ಚರ್ಯವೋ, ಮಾತು ಕೇಳಿ ಆಶ್ಚರ್ಯವೋ ತಿಳಿಯದು. ಆಮೇಲೆ ನಗಲು ಶುರು ಮಾಡಿದರು ನೋಡಿ, ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ಅದು ರಿಪೇರಿಯಲ್ಲ, ಒಬ್ಬರು ಕೂತು ಬರೆದ ಸಂಗೀತ, ಕಾಗದದಲ್ಲಿ ಹೀಗೇ ಇದೆ ಅಂತ ತೋರಿಸಿದರು. ಹೀಗೆ ಬರೆದವನಿಗೆ ಕೆಲಸವಿರಲಿಲ್ಲವೇ ಅಂದೆ. ನಾಳೆಯಿಂದಲೇ ಬಾ ಅಂದರು.

ಟೀಚರಮ್ಮ ಮೈಸೂರಿನವರು. ಅವರ ತಂದೆ ಚರ್ಚಿನಲ್ಲಿ ಆರ್ಗನ್ ಬಾರಿಸುತ್ತಿದ್ದರಂತೆ. ಮದುವೆಯಾಗಲಿಲ್ಲ. ಇಲ್ಲಿಯ ಶಾಲೆಗಳಲ್ಲಿ ಕಲಿಸಿ, ಕೆಲಸ ಬಿಟ್ಟ ಮೇಲೂ ಬೆಟ್ಟ ಇಳಿಯದೆ ಉಳಿದರು. ಇಷ್ಟರ ಮೇಲೆ ಅವರ ಕತೆ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬಾರಿಸುವ ಮುಂಚೆ ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೋಳಿಯ ಹಾಗೆ ಕೂರುತ್ತಿದ್ದರು. ಟೀ ಕೊಟ್ಟರೆ ಲೋಟಕ್ಕೆ ಬೆರಳು ಸುತ್ತಿಕೊಂಡು, ಬಿಸಿ ಆರಿದ ಮೇಲೆ ಹಾಗೇ ತುಂಬಿದ ಲೋಟ ವಾಪಸು ಕೊಡುತ್ತಿದ್ದರು. ಟೀ ದಂಡ ಅಂತ ನಾನು ಬೈದು ಬೈದು ಕಡೆಗೆ ಬರೀ ಬಿಸಿನೀರು ಕೊಡಲು ಶುರು ಮಾಡಿದೆ. ಮೂರು ದಿನ ಅವರಿಗೆ ಗೊತ್ತೇ ಆಗಲಿಲ್ಲ.

ಅವರಿಗೆ ಒಂದೇ ಹುಚ್ಚು: ಹಳೆಯದು ಹೊಸದು ಎರಡನ್ನು ಜೋಡಿ ಹಾಕುವುದು. ಇನ್ನೂರು ಮುನ್ನೂರು ವರ್ಷದ ಹಿಂದಿನದು ಒಂದು, ಗುದ್ದುವುದು ನಿಲ್ಲಿಸುವುದು ಇರುವಂಥದ್ದು ಒಂದು. ಹಳೆಯದರ ಕಡೆಯ ಸ್ವರ ಯಾವುದೋ ಅದೇ ಹೊಸದರ ಮೊದಲ ಸ್ವರವಾಗಿರಬೇಕು. ಬೆರಳು ಎತ್ತಬಾರದು, ಮಧ್ಯೆ ಚಪ್ಪಾಳೆ ಬೀಳಬಾರದು. ಬಿದ್ದರೆ ಎರಡೂ ಸತ್ತವು ಅನ್ನುತ್ತಿದ್ದರು. ಅಂಥ ಜೋಡಿ ಹುಡುಕಲು ಪೆಟ್ಟಿಗೆಗಟ್ಟಲೆ ಕಾಗದ ಹರಡಿಕೊಂಡು ನೆಲದ ಮೇಲೆ ಕೂತಿರುತ್ತಿದ್ದರು, ಮದುವೆ ದಲ್ಲಾಳಿ ಜಾತಕ ಹರಡಿಕೊಂಡು ಕೂತ ಹಾಗೆ. ನಾನು ಹಾಗೆ ಅಂದಾಗ, "ಹೌದು, ಆದ್ರೆ ಇವು ಜಗಳ ಆಡಬೇಕು" ಅಂದರು.

ಜೋಡಿ ಸಿಕ್ಕಿತೋ ಇಲ್ಲವೋ ಅನ್ನುವುದಕ್ಕೆ ನಾನೇ ಪರೀಕ್ಷೆ. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿರಬೇಕು, ಅವರು ಬಾರಿಸಬೇಕು. ಹೊಸದು ಶುರುವಾದ ತಕ್ಷಣ ನಾನು ಬಾಗಿಲಿಗೆ ಬಂದರೆ ಆ ಜೋಡಿ ಬೇಡ. ಬಾರದೇ ಇದ್ದರೂ ಬೇಡ. ಹೊಸದು ಸ್ವಲ್ಪ ದೂರ ಹೋದ ಮೇಲೆ ನನಗೆ ಗಾಬರಿಯಾಗಿ ಬಂದು ನಿಂತರೆ ಅವರಿಗೆ ಹಬ್ಬ. ಕೀಳ್ ಕೋತಗಿರಿ ಬಸ್ಸಿನಲ್ಲಿ ತೂಕಡಿಸಿ ಕಣ್ಣು ಬಿಟ್ಟಾಗ ಟಾರು ರಸ್ತೆ ಎಲ್ಲಿ ಮುಗಿಯಿತು, ಎಸ್ಟೇಟಿನ ಮಣ್ಣುದಾರಿ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು ಅಂತ ಒಂದು ದಿನ ಹೇಳಿದೆ. ಅದನ್ನು ಅವರು ಡೈರಿಯಲ್ಲಿ ಬರೆದುಕೊಂಡರು.

ಕೇಳುವವರು ಕಡಿಮೆ. ಮಕ್ಕಳ ತಾಯಂದಿರಿಗೆ ಪರೀಕ್ಷೆಯ ಪಾಠ ಸಾಕು. ಕೂನೂರಿನ ಒಬ್ಬ ಹೆಂಗಸು, ಈ ಹೊಸದನ್ನು ನನ್ನ ಮೂರು ವರ್ಷದ ಮಗಳೂ ಬಾರಿಸುತ್ತಾಳೆ ಅಂತ ಮುಖದ ಮೇಲೆ ಅಂದಳು. ಟೀಚರಮ್ಮ ತಣ್ಣಗೆ, "ಬಾರಿಸಲಿ. ನಾಳೇನೂ ಹಾಗೇ ಬಾರಿಸಲಿ" ಅಂದರು. ಪಕ್ಕದಲ್ಲಿ ಟೀ ತೋಟವಿದ್ದ, ಈ ಬೆಟ್ಟದ ಬಡಗ ಜನರ ಪೈಕಿಯ ಗೌಡರೊಬ್ಬರು ಮಾತ್ರ ಅಭಿಮಾನಿ. ಹೊಸದು ಬಾರಿಸಿದ ದಿನ ತನ್ನ ತೋಟಕ್ಕೆ ಕಾಟಿ, ಅಂದರೆ ಕಾಡೆಮ್ಮೆ, ಇಳಿಯುವುದಿಲ್ಲ, ದಿನಾ ಬಾರಿಸಲು ಹೇಳಮ್ಮ ಅಂತ ಬೇಲಿಯ ಹತ್ತಿರ ನನಗೆ ಹೇಳುತ್ತಿದ್ದರು. ನಾನು ಅದನ್ನು ಹಾಗೇ ಒಪ್ಪಿಸಿದೆ. ಕಾಟಿಗಾದರೂ ಕೇಳಿಸಿತಲ್ಲ ಅಂದರು.

ನಾಳೆಯೂ ಹಾಗೇ ಬಾರಿಸುವುದು ಅಂದದ್ದು ಬರೀ ಮಾತಲ್ಲ. ಹೊಸದರಲ್ಲೂ ಒಂದು ಗುದ್ದು ಹೆಚ್ಚು ಕಡಿಮೆ ಇರುವುದಿಲ್ಲ ಅಂತ ನನಗೆ ಕೇಳಿ ಕೇಳಿಯೇ ತಿಳಿದದ್ದು. ನನ್ನ ಅಡುಗೆಯ ಹೊತ್ತಿನ ಲೆಕ್ಕವೆಲ್ಲ ಅವರು ಬಾರಿಸುವುದರ ಮೇಲೆಯೇ. ಒಂದು ಹಳೆಯದಕ್ಕೆ ನಾನು ಕುಕ್ಕರ್ ಹಾಡು ಅಂತ ಹೆಸರಿಟ್ಟಿದ್ದೆ. ಇಡೀ ಹಾಡು ಎರಡು ಸುತ್ತು ಬರುತ್ತದೆ. ಮೊದಲ ಸುತ್ತಿನಲ್ಲಿ ಕೊನೆಯ ತಿರುವಿಗೆ ಬಂದು ಮತ್ತೆ ಹಿಂದಕ್ಕೆ, ಶುರುವಿಗೆ ಹೋಗುತ್ತದೆ. ಎರಡನೇ ಸುತ್ತಿನಲ್ಲಿ ಅದೇ ತಿರುವಿಗೆ ಬಂದು, ಹಿಂದಕ್ಕೆ ಹೋಗದೆ, ಮೆಟ್ಟಿಲು ಇಳಿದ ಹಾಗೆ ಇಳಿದು ಒಂದು ಸ್ವರದ ಮೇಲೆ ನಿಲ್ಲುತ್ತದೆ. ಅಷ್ಟರಲ್ಲಿ ಮೂರು ವಿಸಿಲ್, ಅನ್ನ ಆಗಿರುತ್ತದೆ. ಅದರ ಜೋಡಿಯ ಹೊಸದಕ್ಕೆ ಕರೆಂಟು ಹೋದದ್ದು ಅಂತ ಹೆಸರು. ಟೀ ಫ್ಯಾಕ್ಟರಿಯಲ್ಲಿ ಕರೆಂಟು ಹೋದಾಗ ಒಂದೊಂದೇ ಮಿಷನ್ನು ನರಳಿ ನಿಲ್ಲುತ್ತದೆ, ಕಡೆಗೆ ಹೊರಗಿನ ಕಾಗೆ ಕೇಳಿಸುತ್ತದೆ. ಆ ಸಂಗೀತವೂ ಹಾಗೇ. ಅವರಿಗೆ ಎಲ್ಲಕ್ಕಿಂತ ಇಷ್ಟವಾದ ಜೋಡಿ ಅದು.

ಒಂದು ದಿನ ಅಡುಗೆಮನೆಯಿಂದಲೇ, "ನಿನ್ನೆ ಅಲ್ಲಿ ಮೂರು ಸಾರಿ ಬಡದ್ರಿ, ಇವತ್ತು ಎರಡೇ" ಅಂತ ಕೂಗಿದೆ. ಕಾಗದ ನೋಡಿದರು. ಮೂರೇ ಇತ್ತು. ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು. ಅವತ್ತಿನಿಂದ ಹಾಳೆ ತಿರುಗಿಸುವ ಕೆಲಸ ನನ್ನದು. ಹಳೆಯದನ್ನು ಅವರು ಕಾಗದವಿಲ್ಲದೆ ಬಾರಿಸುತ್ತಿದ್ದರು. ಕುಕ್ಕರ್ ಹಾಡು ಹನ್ನೆರಡನೇ ವಯಸ್ಸಿನಲ್ಲಿ ಕಲಿತದ್ದು. ಅದು ಬೆರಳಲ್ಲಿದೆ, ತಲೆಯಲ್ಲಿಲ್ಲ, ಅದಕ್ಕೇ ಮರೆಯುವುದಿಲ್ಲ ಅನ್ನುತ್ತಿದ್ದರು. ಹೊಸದಕ್ಕೆ ಮಾತ್ರ ಕಾಗದ ಬೇಕು. ಹಾಳೆಯ ಕೊನೆಗೆ ಬಂದಾಗ ಗಲ್ಲವನ್ನು ಒಂದು ಸಲ ಕೆಳಗೆ ಆಡಿಸುತ್ತಾರೆ, ನಾನು ತಿರುಗಿಸಬೇಕು. ಅದರಲ್ಲಿರುವ ಕಪ್ಪು ಚುಕ್ಕಿ ಒಂದೂ ನನಗೆ ಓದಲು ಬರುವುದಿಲ್ಲ. ಗಲ್ಲ ಓದಲು ಬಂದರೆ ಸಾಕು ಅಂದರು.

ಆಗಲೇ ಅವರು ನನ್ನಿಂದ ಮಾತು ತೆಗೆದುಕೊಂಡದ್ದು.

"ಹೊಸದರಲ್ಲಿ ನಾನು ದಾರಿ ತಪ್ಪಿದ್ರೆ ಈ ಬೆಟ್ಟದಲ್ಲಿ ಯಾರಿಗೂ ಗೊತ್ತಾಗಲ್ಲ, ಪುಟ್ಟತಾಯಿ. ಅದೂ ಸಂಗೀತ ಅಂದ್ಕೊಂಡು ಚಪ್ಪಾಳೆ ಹೊಡೀತಾರೆ. ನೀನು ಹೇಳಬೇಕು."

"ಹೇಳ್ತೀನಿ."

"ನನ್ನ ಮುಖ ನೋಡಿ ಸುಮ್ಮನಾಗಬಾರದು."

"ನಾನು ಯಾರ ಮುಖ ನೋಡ್ಕೊಂಡು ಸುಮ್ಕಾಗಿವ್ನಿ ಟೀಚರಮ್ಮ?"

ಅದು ನಿಜ. ನನ್ನ ಗಂಡ ಸಾಯುವಾಗ ಕೂಡ, ಉಳಿಯುತ್ತೀನಾ ಅಂತ ಕೇಳಿದ್ದಕ್ಕೆ ಇಲ್ಲ ಅಂದವಳು ನಾನು.

ಆಮೇಲೆ ಹತ್ತು ಹನ್ನೆರಡು ವರ್ಷ ಚೆನ್ನಾಗಿಯೇ ನಡೆಯಿತು. ವರ್ಷಕ್ಕೊಂದೆರಡು ಕಚೇರಿ, ಊಟಿಯಲ್ಲೋ ಕೂನೂರಲ್ಲೋ. ಆಮೇಲೆ ಸಣ್ಣ ಸಣ್ಣದು ಶುರುವಾಯಿತು. ಕನ್ನಡಕ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಪಾಠಕ್ಕೆ ಬಂದ ಮಗುವನ್ನು ಯಾರ ಮಗಳು ನೀನು ಅಂತ ಒಂದೇ ಗಂಟೆಯಲ್ಲಿ ಮೂರು ಸಾರಿ ಕೇಳಿದರು. ಬಜಾರಿಗೆ ಹೋದವರು ಬಸ್ ಸ್ಟ್ಯಾಂಡಿನಲ್ಲಿ ಕೂತುಬಿಟ್ಟಿದ್ದರು; ಗೌಡರು ಕಂಡು ಕರೆದುಕೊಂಡು ಬಂದರು. ಪಿಯಾನೋ ಮುಂದೆ ಕೂತರೆ ಮಾತ್ರ ಏನೂ ಆಗದವರ ಹಾಗೆ. ಅದೇ ನನಗೆ ಧೈರ್ಯ. ಅವರಿಗೂ ಅದೇ ಇದ್ದಿರಬೇಕು, ಇಲ್ಲದಿದ್ದರೆ ಆ ಕಚೇರಿಗೆ ಒಪ್ಪುತ್ತಿರಲಿಲ್ಲ.

ಊಟಿಯ ಒಂದು ಶಾಲೆಯ ಹಾಲ್. ಮೂರು ಕಾಲಿನ ದೊಡ್ಡ ಪಿಯಾನೋ. ಎಪ್ಪತ್ತು ಎಂಬತ್ತು ಜನ, ಎಲ್ಲ ಶಾಲು ಕೋಟು ಹೊದ್ದವರು, ಕೆಲಸ ಬಿಟ್ಟ ಎಸ್ಟೇಟ್ ಮ್ಯಾನೇಜರುಗಳು, ಕಾನ್ವೆಂಟಿನ ಸಿಸ್ಟರುಗಳು. ಮೊದಲ ಎರಡು ಜೋಡಿ ಸರಿಯಾಗಿ ಹೋದವು. ಮೂರನೆಯದು ಕುಕ್ಕರ್ ಹಾಡು ಮತ್ತು ಕರೆಂಟು ಹೋದದ್ದು. ಹೊಸದರ ಹಾಳೆಗಳು ನನ್ನ ಮಡಿಲಲ್ಲಿದ್ದವು. ಹಳೆಯದು ಮುಗಿಯುವ ಮೆಟ್ಟಿಲು ಬಂದಾಗ ನಾನು ಎದ್ದು ಸ್ಟ್ಯಾಂಡಿನ ಮೇಲೆ ಇಡಬೇಕು. ಅದೇ ಪದ್ಧತಿ.

ಮೊದಲ ಸುತ್ತು ಆಯಿತು. ಎರಡನೇ ಸುತ್ತು ತಿರುವಿಗೆ ಬಂತು. ನಾನು ಏಳಲು ಸೀರೆ ಸರಿ ಮಾಡಿಕೊಂಡೆ. ಬೆರಳು ಮೆಟ್ಟಿಲು ಇಳಿಯಲಿಲ್ಲ. ಹಿಂದಕ್ಕೆ ಹೋಯಿತು.

ಬೇಕೆಂದೇ ಮಾಡಿದರೇನೋ ಅಂತ ಒಂದು ಗಳಿಗೆ ಅಂದುಕೊಂಡೆ. ಮೂರನೇ ಸುತ್ತು ತಿರುವಿಗೆ ಬಂದಾಗ ಅವರ ಬಲಗೈ ಕಿರುಬೆರಳು ಸ್ವಲ್ಪ ಎದ್ದು ಹುಡುಕಿತು, ಸಿಗಲಿಲ್ಲ, ಮತ್ತೆ ಹಿಂದಕ್ಕೆ. ಆಗ ಗೊತ್ತಾಯಿತು. ನಾಲ್ಕು. ಒಂದು ಸ್ವರವೂ ತಪ್ಪಿಲ್ಲ. ಮೊದಲಿಗಿಂತ ಚೆನ್ನಾಗಿಯೇ ಬರುತ್ತಿದೆ. ಇಳಿಯುವ ಜಾಗ ಮಾತ್ರ ಗೊತ್ತಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಯಜಮಾನರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಒಬ್ಬ ಸಿಸ್ಟರ್ ಪಕ್ಕದವಳ ಕೈ ಒತ್ತಿದರು. ಐದು. ಆ ಚಳಿಯಲ್ಲಿ ಟೀಚರಮ್ಮನ ಕಿವಿಯ ಹಿಂದೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ಅಷ್ಟು ಜನರಲ್ಲಿ ಅವರು ಕಳೆದುಹೋಗಿದ್ದಾರೆ ಅಂತ ತಿಳಿದವಳು ನಾನೊಬ್ಬಳೇ, ಮತ್ತು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹಳೆಯದಕ್ಕೆ ಹಾಳೆಯೇ ಇಲ್ಲ. ಇದ್ದಿದ್ದರೂ ಯಾವ ಚುಕ್ಕಿ ತೋರಿಸಲಿ? ಬಾಯಿ ಬಿಟ್ಟು ನಿಲ್ಲಿಸಿ ಅನ್ನಲೇ? ಕೈ ಹಿಡಿಯಲೇ? ಆರು.

ಏಳನೇ ಸುತ್ತಿನ ತಿರುವಿಗೆ ಬರುವ ಮುಂಚೆ ನನ್ನ ಕಡೆ ನೋಡಿದರು. ನೋಡಿ, ಗಲ್ಲ ಆಡಿಸಿದರು. ತಿರುಗಿಸು ಅಂತ. ತಿರುಗಿಸಲು ಎದುರಿಗೆ ಹಾಳೆಯೇ ಇಲ್ಲ.

ನಾನು ಎದ್ದು ಹೊಸದರ ಮೊದಲ ಹಾಳೆಯನ್ನು ಸ್ಟ್ಯಾಂಡಿನ ಮೇಲೆ ಇಟ್ಟೆ. ಅದು ಸರಿಯೋ ತಪ್ಪೋ ಯೋಚಿಸಲಿಲ್ಲ. ಬೇರೇನೂ ನನ್ನ ಹತ್ತಿರ ಇರಲಿಲ್ಲ. ಅವರ ಕಣ್ಣು ಹಾಳೆಗೆ ಹೋಯಿತು. ಮೆಟ್ಟಿಲು ಇಳಿಯದೆಯೇ, ಸುತ್ತಿನ ಮಧ್ಯದಿಂದಲೇ, ಬೆರಳು ಆ ಒಂದು ಸ್ವರಕ್ಕೆ ಹಾರಿತು. ಕರೆಂಟು ಹೋದದ್ದು ಶುರುವಾಯಿತು. ಅಲ್ಲಿಂದ ಕೊನೆಯವರೆಗೆ ಒಂದು ಗುದ್ದೂ ತಪ್ಪಲಿಲ್ಲ.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆ ಯಜಮಾನರು ಬಂದು ಟೀಚರಮ್ಮನ ಕೈ ಹಿಡಿದು ಇಂಗ್ಲಿಷಿನಲ್ಲಿ ಏನೇನೋ ಹೇಳಿದರು, ಕಣ್ಣು ಒದ್ದೆಯಾಗಿತ್ತು. ಟೀಚರಮ್ಮ ಥ್ಯಾಂಕ್ ಯೂ ಥ್ಯಾಂಕ್ ಯೂ ಅಂದರು. ನಾನು ಹಾಳೆ ಜೋಡಿಸಿ ಚೀಲಕ್ಕೆ ಹಾಕಿದೆ.

ಬಾಡಿಗೆ ಕಾರಿನಲ್ಲಿ ವಾಪಸು ಬರುವಾಗ ದೊಡ್ಡಬೆಟ್ಟದ ಇಳಿಜಾರು ಕಳೆಯಿತು. ಟೀಚರಮ್ಮನ ಕೈ ಕಂಕುಳಲ್ಲಿತ್ತು.

"ಎಷ್ಟು ಸಾರಿ ಬಂತು?" ಅಂದರು.

ಮುಖ ನೋಡಿದೆ. ನೋಡಬಾರದಿತ್ತು. ಆದರೂ ಹೇಳಿದೆ. "ಏಳು."

"ಎರಡು ಬರಬೇಕಿತ್ತು."

"ಹೌದು."

"ಹಾಳೆ ನೀನೇ ಇಟ್ಟೆಯಾ, ನಾನು ಕೇಳಿದೆನಾ?"

"ಕೇಳಿದ್ರಿ. ಏನ ಕೇಳಿದ್ರಿ ಅಂತ ನಂಗೆ ಗೊತ್ತಾಗನಿಲ್ಲ."

ಮನೆಗೆ ಬಂದು ಪಿಯಾನೋ ಮುಚ್ಚಳ ಮುಚ್ಚಿ, ಬೀಗ ಹಾಕಿ, ಬೀಗದ ಕೈಯನ್ನು ನನ್ನ ಸೆರಗಿಗೆ ಅವರೇ ಗಂಟು ಹಾಕಿದರು. ಬಲ್ಬು ಆರಿಸಲೇ ಅಂದೆ. ಅದು ಇರಲಿ ಅಂದರು.

ಮಾತು ಉಳಿಸಿಕೊಂಡೆ, ಅಲ್ಲಿಗೆ ಮುಗಿಯಿತು ಅಂತ ನಾನಂದುಕೊಂಡೆ. ಮುಗಿಯಲಿಲ್ಲ. ಮಾರನೆಯ ಬೆಳಿಗ್ಗೆ ಬಿಸಿನೀರಿನ ಲೋಟ ಹಿಡಿದುಕೊಂಡು, ನಿನ್ನೆ ಕಚೇರಿ ಹೇಗಾಯಿತು ಪುಟ್ಟತಾಯಿ ಅಂದರು. ಹೇಳಿದೆ. ಕಾರಿನಲ್ಲಿ ಆದ ಮುಖವೇ ಮತ್ತೆ ಆಯಿತು. ಎರಡು ಬರಬೇಕಿತ್ತು ಅಂದರು. ಅದರ ಮಾರನೆಯ ದಿನ ಮತ್ತೆ ಕೇಳಿದರು. ವಾರ ಕಳೆಯಿತು, ತಿಂಗಳು ಕಳೆಯಿತು. ಅವರಿಗೆ ಕಚೇರಿ ನಿನ್ನೆಯೇ ನಡೆದದ್ದು. ಪ್ರತಿ ಬೆಳಿಗ್ಗೆ ನಾನು ಹೇಳಬೇಕು, ಪ್ರತಿ ಬೆಳಿಗ್ಗೆ ಅವರು ಅದನ್ನು ಮೊದಲ ಸಾರಿ ಕೇಳಬೇಕು. ಒಂದು ಹೆಣವನ್ನು ದಿನಾ ಮನೆಗೆ ತಂದ ಹಾಗೆ. ಡಾಕ್ಟರು ನನಗೇ ಬೈದರು. ಚೆನ್ನಾಗಿತ್ತು ಅಂದುಬಿಡಿ, ನಿಮ್ಮ ಗಂಟೇನು ಹೋಗುತ್ತದೆ ಅಂದರು. ಮುಖ ನೋಡಿ ಸುಮ್ಮನಾಗಬಾರದು ಅಂತ ಮಾತು ಕೊಟ್ಟಿದ್ದೇನೆ ಅಂದೆ. ಮಾತು ತೆಗೆದುಕೊಂಡವರು ಈಗ ಎಲ್ಲಿದ್ದಾರಮ್ಮ ಅಂದರು ಡಾಕ್ಟರು.

ಒಂದು ಬೆಳಿಗ್ಗೆ ನಾನೂ ಸೋತೆ. ಮಳೆ ಹಿಡಿದಿತ್ತು, ಸೊಂಟ ನೋಯುತ್ತಿತ್ತು. ಅವರು ಕೇಳಿದರು. "ಚೆನ್ನಾಗಿತ್ತು. ಎರಡೇ ಬಂತು" ಅಂದೆ. ನನ್ನ ಮಾತನ್ನು ಅವರು ಯಾವತ್ತೂ ಅನುಮಾನಿಸಿದವರಲ್ಲ. ಮುಖ ಬಿಚ್ಚಿಕೊಂಡಿತು. ಲೋಟ ಕೆಳಗಿಟ್ಟರು.

"ಹಾಗಾದ್ರೆ ಮುಚ್ಚಳಕ್ಕೆ ಬೀಗ ಯಾಕೆ?"

ಒಂದು ಸುಳ್ಳು ಹೇಳಿದವಳಿಗೆ ಎರಡನೆಯದು ಬರಲಿಲ್ಲ. ಸೆರಗಿನ ಗಂಟು ಬಿಚ್ಚಿ ಬೀಗ ತೆಗೆದೆ.

ಕೂತರು. ಕಂಕುಳಿಂದ ಕೈ ತೆಗೆದು ಕುಕ್ಕರ್ ಹಾಡು ಬಾರಿಸಿದರು. ಅಷ್ಟು ದಿನ ಮುಚ್ಚಿದ್ದರೂ ಪಿಯಾನೋ ಕೆಟ್ಟಿರಲಿಲ್ಲ. ಬಲ್ಬು ಉರಿಯುತ್ತಲೇ ಇತ್ತಲ್ಲ. ಒಂದು ಸುತ್ತು, ಎರಡು ಸುತ್ತು, ತಿರುವು, ಹಿಂದಕ್ಕೆ. ಮೂರು, ನಾಲ್ಕು. ನಾನು ಪೆಟ್ಟಿಗೆಯಿಂದ ಹೊಸದರ ಹಾಳೆ ತಂದೆ. ಊಟಿಯಲ್ಲಿ ಇಟ್ಟ ಹಾಗೆಯೇ ಎದುರಿಗೆ ಇಟ್ಟೆ. ಬೆರಳು ನಿಂತಿತು. ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು.

"ಇದೇನು ಪುಟ್ಟತಾಯಿ?"

"ಹೊಸದು. ನಿಮ್ಮದೇ."

"ಓದಿ ಹೇಳು."

"ನಂಗೆ ಓದಕ್ಕೆ ಬರಕಿಲ್ಲ ಕಣಮ್ಮ."

"ನನಗೂ ಬರಲ್ಲ" ಅಂದರು. ದುಃಖವಿಲ್ಲ, ನಾಚಿಕೆಯಿಲ್ಲ. ನಾವಿಬ್ಬರೂ ಒಂದೇ ಊರಿನವರು ಅಂತ ಈಗ ತಿಳಿಯಿತು ಅನ್ನುವ ಹಾಗೆ ನೋಡಿದರು. ಮತ್ತೆ ಹಳೆಯದನ್ನು ಮೊದಲಿನಿಂದ ಶುರು ಮಾಡಿದರು.

ಸ್ವಲ್ಪ ದೂರ ಹೋದ ಮೇಲೆ ಗಲ್ಲ ಆಡಿತು. ನಾನು ಹಾಳೆ ತಿರುಗಿಸಿದೆ. ಬಾರಿಸುತ್ತಿರುವುದು ಒಂದು, ಎದುರಿಗಿರುವುದು ಇನ್ನೊಂದು. ಸುತ್ತು ಬಂತು, ಗಲ್ಲ ಆಡಿತು, ತಿರುಗಿಸಿದೆ. ಎಷ್ಟು ಸುತ್ತು ಅಂತ ಅವತ್ತು ಎಣಿಸಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟಿರಲಿಲ್ಲ. ಹಾಳೆಗಳು ಮುಗಿದವು. ಗಲ್ಲ ಮತ್ತೆ ಆಡಿತು. ಎಲ್ಲವನ್ನೂ ಒಟ್ಟು ಮಾಡಿ, ಮೊದಲನೆಯದನ್ನು ಮತ್ತೆ ಮೇಲೆ ಇಟ್ಟೆ.